ಒಂಬತ್ತನೇ ನಂಬರಿನ ಬದನೆಕಾಯಿ

ನಮ್ಮೂರಿನಲ್ಲಿ ಸೋಮವಾರ ಬೆಳಿಗ್ಗೆ ಯಾರೂ ಸರಿಯಾದ ಹೊತ್ತಿಗೆ ಕೆಲಸಕ್ಕೆ ಹೋಗುವುದಿಲ್ಲ. ಮೊದಲು ಕೆರೆಯಂಗಳದ ಶೆಡ್ಡಿಗೆ ಹೋಗಿ, ರೇಸು ಕಾರುಗಳು ಈ ವಾರ ಹೇಗಾಗಿವೆ ಎಂದು ನೋಡಿ, ಅಲ್ಲೇ ಒಂದು ಟೀ ಕುಡಿದು, ಯಾರನ್ನಾದರೂ ನಾಲ್ಕು ಮಾತು ಬೈದು, ಆಮೇಲೆ ಅಂಗಡಿ ಬಾಗಿಲು ತೆಗೆಯುವುದು. ಬ್ಯಾಂಕಿನವರೂ ಹಾಗೆಯೇ. ಹೊಸದಾಗಿ ವರ್ಗವಾಗಿ ಬಂದ ಮ್ಯಾನೇಜರು ಮೊದಲ ವಾರ ಕೂಗಾಡುತ್ತಾರೆ, ಎರಡನೇ ವಾರ ನಮಗಿಂತ ಮುಂಚೆ ಶೆಡ್ಡಿನ ಬಾಗಿಲಲ್ಲಿ ನಿಂತಿರುತ್ತಾರೆ.

ಇರುವುದು ಒಂಬತ್ತು ಕಾರು. ಭಾನುವಾರ ಓಟ ನೋಡಲು ಬಂದ ಜನ ಮನಸ್ಸಿನಲ್ಲಿ ಏನನ್ನು ಮೆಚ್ಚಿಕೊಂಡರೋ, ಸೋಮವಾರ ಬೆಳಗಾಗುವಷ್ಟರಲ್ಲಿ ಕಾರುಗಳು ಆ ಆಕಾರಕ್ಕೆ ಬಂದಿರುತ್ತವೆ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಚಪ್ಪಾಳೆಯೂ ಲೆಕ್ಕಕ್ಕಿಲ್ಲ, ಒಳಗೆ ಇಷ್ಟವಾಗಿರಬೇಕು. ಬೆಸುಗೆ ಹಾಕಿ, ಸುತ್ತಿಗೆಯಲ್ಲಿ ಬಡಿದು ಬೇರೆ ಆಕಾರ ಕೊಡಲು ಹೋದವರಿದ್ದಾರೆ. ಮರುದಿನ ನೋಡಿದರೆ ಕಾರು ಮೊದಲಿನಂತೆಯೇ ನಿಂತಿರುತ್ತದೆ. ಹೊರಗಿನವರು ಬಂದು ಇದೆಲ್ಲ ಹೇಗೆ ಎಂದು ಕೇಳುತ್ತಾರೆ. ನಿಮ್ಮೂರಲ್ಲಿ ಹೇಗೆ ಎಂದು ನಾವು ಕೇಳುತ್ತೇವೆ. ಎಲ್ಲೋ ಕಾರ್ಖಾನೆಯಲ್ಲಿ ಯಾರೋ ಇಂಜಿನಿಯರು ಗೆರೆ ಎಳೆಯುತ್ತಾನಂತೆ, ಕಾರು ಹಾಗಾಗುತ್ತದಂತೆ, ನೋಡುವವರನ್ನು ಒಂದು ಮಾತು ಕೇಳುವುದಿಲ್ಲವಂತೆ. ಇದನ್ನು ನಂಬಲು ನಮಗೆ ಬಹಳ ಕಷ್ಟ.

ತಾತನ ಕಾಲದಲ್ಲಿ ಕಾರುಗಳು ಚುಟ್ಟದ ಹಾಗೆ ಉದ್ದಕ್ಕೆ, ದುಂಡಗೆ ಇದ್ದವಂತೆ. ಆಗಿನ ಗಂಡಸರು ಬಾಯಲ್ಲಿ ಚುಟ್ಟ ಇಟ್ಟುಕೊಂಡೇ ಓಟ ನೋಡುತ್ತಿದ್ದರು. ಅಪ್ಪನ ಕಾಲಕ್ಕೆ ಹಿಂದುಗಡೆ ಮೀನಿನ ಬಾಲ ಬಂತು. ಹೆಂಗಸರನ್ನು ಮೊದಲ ಸಲ ಗ್ಯಾಲರಿಗೆ ಬಿಟ್ಟ ಮರುದಿನ, ಒಂಬತ್ತೂ ಕಾರಿನ ನಾಲ್ಕೂ ಚಕ್ರಗಳಿಗೆ ಅಗಲವಾದ ಮಡ್‌ಗಾರ್ಡು ಬಂದಿತ್ತು. ಅಷ್ಟು ವರ್ಷ ಗಂಡಂದಿರ ಬಿಳಿ ಅಂಗಿಯ ಕೆಸರು ಒಗೆದವರು ಅವರು, ಇನ್ನೇನನ್ನು ಬಯಸಿಯಾರು? ಕಾರಿನ ಅಂದವೇ ಹೋಯಿತೆಂದು ಗಂಡಸರು ಗೊಣಗಿದರು. ಹಾಗಾದರೆ ಇನ್ನು ಮೇಲೆ ನೀವೇ ಒಗೆಯಿರಿ ಅಂದಾಗ ಸುಮ್ಮನಾದರು. ಒಂದು ಬೇಸಿಗೆಯಲ್ಲಂತೂ ಬಿಸಿಲು ವಿಪರೀತವಾಗಿ, ಜನರ ಕಣ್ಣೆಲ್ಲ ಐಸ್‌ಕ್ಯಾಂಡಿ ಗಾಡಿಯ ಮೇಲೆಯೇ ಇದ್ದು, ಸೋಮವಾರ ಎಲ್ಲ ಕಾರುಗಳೂ ಕಿತ್ತಳೆ ಬಣ್ಣಕ್ಕೆ ತಿರುಗಿ ಹಿಂದೊಂದು ಕಡ್ಡಿ ಚಾಚಿಕೊಂಡು ನಿಂತಿದ್ದವು. ಅವನ್ನು ನೋಡಿದವರು ಬಾಯಿ ಚಪ್ಪರಿಸಿದ್ದರಿಂದ ಇನ್ನೂ ಎರಡು ವಾರ ಅದೇ ಗತಿಯಾಯಿತು.

ನನ್ನ ಕಾಲಕ್ಕೆ ಬಂದದ್ದು ಬದನೆಕಾಯಿ. ದಪ್ಪ ಮೂಗು, ಉಬ್ಬಿದ ಪಕ್ಕೆ, ನೇರಳೆ ಬಣ್ಣ, ಒಳಗೆ ಕಾಲು ಚಾಚಿ ಕೂರುವಂಥ ಸೀಟು. ನಾನು ವೃತ್ತಿಯಿಂದ ಟೈಲರು, ಹೆಸರು ಮುರಿಗೆಪ್ಪ. ಬಟ್ಟೆಯಾಗಲಿ ಕಾರಾಗಲಿ ಸ್ವಲ್ಪ ಸಡಿಲವಾಗಿದ್ದರೇ ನನಗೆ ಚಂದ. ಬದನೆಕಾಯಿ ಬಂದ ಸೋಮವಾರವೇ ಟೇಪು ತೆಗೆದುಕೊಂಡು ಹೋಗಿ ಅದರ ಮೂಗು, ಪಕ್ಕೆ, ಸೀಟು ಎಲ್ಲವನ್ನೂ ಅಳೆದು ನನ್ನ ಅಳತೆ ಪುಸ್ತಕದಲ್ಲಿ ಬರೆದುಕೊಂಡೆ. ಅವತ್ತಿನಿಂದ ಒಂದು ಸೋಮವಾರವೂ ಬಿಟ್ಟಿಲ್ಲ.

ಆದರೆ ಊರಿನ ಕಣ್ಣು ಒಂದೇ ಕಡೆ ನಿಲ್ಲುವುದಿಲ್ಲವಲ್ಲ. ಹದಿನಾಲ್ಕು ವರ್ಷದ ಹಿಂದೆ ಹುಡುಗರಿಗೆ ತೆಳ್ಳಗಿನದು ಬೇಕಾಯಿತು. ಕಾರುಗಳು ನೆಲಕ್ಕೆ ಒತ್ತಿಕೊಂಡು, ಮೂಗು ಚೂಪಾಗಿ, ಹಿಂದೆ ಮುಂದೆ ರೆಕ್ಕೆ ಮೂಡಿ, ಮಿಡತೆಗಳಾದವು. ಒಂದನ್ನು ಬಿಟ್ಟು. ಹಳೆಯ ಆಕಾರವನ್ನು ಮನಸಾರೆ ಮೆಚ್ಚುವವರು ಗ್ಯಾಲರಿಯಲ್ಲಿ ಒಬ್ಬರಿದ್ದರೂ ಸಾಕು, ಅವರ ಪಾಲಿಗೆ ಒಂದು ಕಾರು ಉಳಿಯುತ್ತದೆ. ಹಾಗೆ ಉಳಿದದ್ದು ಒಂಬತ್ತನೇ ನಂಬರು. ಅದನ್ನು ಉಳಿಸಲೆಂದೇ ನಾವು ಬದನೆಕಾಯಿ ಅಭಿಮಾನಿಗಳ ಸಂಘ ಕಟ್ಟಿದೆವು. ಇನ್ನೂರು ಜನರಿಂದ ಶುರುವಾದ ಸಂಘ ಸವೆದು ಸವೆದು ಮೂರಕ್ಕೆ ಬಂದು ನಿಂತಿತ್ತು: ಕಾರ್ಯದರ್ಶಿಯಾದ ನಾನು, ಡ್ರಾಯಿಂಗ್ ಮೇಷ್ಟ್ರು ಕಾಂತರಾಜು, ಮತ್ತು ಗ್ಯಾಲರಿಯ ಕೆಳಗೆ ಮಂಡಕ್ಕಿ ಮೆಣಸಿನಕಾಯಿ ಮಾರುವ ಹಾಲಮ್ಮ.

ನಮ್ಮೆದುರು ಮಿಡತೆ ಸಂಘ. ಅದರ ಅಧ್ಯಕ್ಷೆ ಅಂಬುಜಾಕ್ಷಿ, ರಸ್ತೆಯಾಚೆ ನನ್ನ ಅಂಗಡಿಗೆ ಸರಿಯಾಗಿ ಎದುರಿಗೆ ಜೆರಾಕ್ಸ್ ಅಂಗಡಿ ಇಟ್ಟವರು. ಹನ್ನೆರಡು ವರ್ಷದಲ್ಲಿ ಆಕೆ ನನ್ನ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ. ರವಿಕೆ ಹೊಲಿಸಲು ಬಸ್ಸು ಹತ್ತಿ ಬೇರೆ ಊರಿಗೆ ಹೋಗುತ್ತಿದ್ದರು. ಭಾನುವಾರ ಹಸಿರು ಸೀರೆಯುಟ್ಟು ಮೈಕಿನಲ್ಲಿ, “ತರಕಾರಿ ಮಾರ್ಕೆಟ್ಟಿಗೆ ಹೋಗಬೇಕಾದ ಕಾರೊಂದು ದಾರಿ ತಪ್ಪಿ ಇಲ್ಲಿಗೆ ಬಂದಿದೆ, ಸಂಬಂಧಪಟ್ಟವರು ಬಂದು ತಗೊಂಡು ಹೋಗಬೇಕು” ಎಂದು ಘೋಷಿಸುತ್ತಿದ್ದರು. ಜನ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂಬತ್ತನೇ ನಂಬರನ್ನು ಓಡಿಸುವವನು ಓಬಳೇಶಪ್ಪ. ವಯಸ್ಸು ಅರವತ್ತೆರಡು, ಸೊಂಟ ನಲವತ್ತಾರು ಇಂಚು. ಅವನ ಅಂಗಿ ಚಡ್ಡಿ ಹೊಲಿಯುವವನು ನಾನೇ, ಹಾಗಾಗಿ ಅಂದಾಜಿನ ಮಾತಲ್ಲ. ಹತ್ತೊಂಬತ್ತು ವರ್ಷ ಚಿಲ್ಲರೆ ಕಾಲ ಒಂದು ಭಾನುವಾರವನ್ನೂ ತಪ್ಪಿಸದೆ ಓಡಿಸಿದ್ದಾನೆ, ಒಮ್ಮೆಯೂ ಗೆದ್ದಿಲ್ಲ, ಕೊನೆಯಿಂದ ಎರಡನೆಯವನಾದದ್ದೂ ಒಂದೇ ಸಲ, ಅದೂ ಯಾರದೋ ಟೈರು ಒಡೆದದ್ದರಿಂದ. ಆದರೆ ನಮ್ಮೂರಲ್ಲಿ ಒಂದು ಪದ್ಧತಿಯಿದೆ. ಬಿಡದೆ ಸಾವಿರ ಓಟ ಮುಗಿಸಿದವನ ಹೆಸರನ್ನು ಗ್ಯಾಲರಿಯ ಗೋಡೆಯ ಮೇಲೆ ಆಯಿಲ್ ಪೇಂಟಿನಲ್ಲಿ ಬರೆಯುತ್ತಾರೆ, ಅವನ ನಂಬರನ್ನು ಅವನು ಬದುಕಿರುವವರೆಗೂ ಬೇರೆಯವರಿಗೆ ಕೊಡುವುದಿಲ್ಲ. ಮಧ್ಯೆ ಒಂದು ಭಾನುವಾರ ತಪ್ಪಿದರೆ ಎಣಿಕೆ ಮತ್ತೆ ಒಂದರಿಂದ. ಆ ಗೋಡೆ ಅಲ್ಲಿಯವರೆಗೂ ಖಾಲಿಯಿತ್ತು. ಓಬಳೇಶಪ್ಪನಿಗೆ ಸಾವಿರಕ್ಕೆ ಇನ್ನು ಆರೇ ಆರು ಓಟ ಉಳಿದಿದ್ದವು.

ಆಗ ಒಂದು ಸೋಮವಾರ ಬದನೆಕಾಯಿಯ ಮೂಗು ಅಳೆದೆ. ಅರ್ಧ ಇಂಚು ಕಡಿಮೆ! ಟೇಪು ಸುಕ್ಕಾಗಿರಬೇಕೆಂದು ಮೂರು ಸಲ ಅಳೆದೆ. ಮುಂದಿನ ಸೋಮವಾರ ಮೂಗು ಮಾತ್ರವಲ್ಲ, ಸೀಟೂ ಎರಡು ಇಂಚು ಕಿರಿದಾಗಿತ್ತು. ಓಬಳೇಶಪ್ಪ ಉಸಿರು ಬಿಗಿಹಿಡಿದು ಒಳಗೆ ಇಳಿದ.

“ಮುರಿಗಣ್ಣ, ನಾನು ದಪ್ಪ ಆದ್ನಾ, ಇದು ಸಣ್ಣ ಆತಾ?” ಎಂದ.

“ನೀನೇ ಕಣಪ್ಪ, ರಾತ್ರಿ ಮುದ್ದೆ ಕಡಿಮೆ ಮಾಡು” ಅಂದೆ. ಅವನು ಪಾಪ, ಅವತ್ತಿನಿಂದ ಅರ್ಧ ಮುದ್ದೆ ಬಿಟ್ಟ. ಕಾರಿನ ವಿಷಯ ಹೇಳುವ ಧೈರ್ಯ ನನಗಿರಲಿಲ್ಲ, ಯಾಕೆಂದರೆ ತಪ್ಪು ಯಾರದೆಂದು ನನಗೆ ಗೊತ್ತಿತ್ತು.

ಈಗ ಹೇಳಿಯೇ ಬಿಡುತ್ತೇನೆ. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ, ನಾಲ್ಕನೇ ನಂಬರಿನ ಮಿಡತೆ ಕೆರೆಕೋಡಿಯ ತಿರುವಿನಲ್ಲಿ ಮಗ್ಗುಲಾಗಿ ತಿರುಗಿತು. ಬಿಸಿಲು ಅದರ ಪಕ್ಕೆಯ ಮೇಲೆ ಜಾರಿ ಹೋಯಿತು. ಎಷ್ಟು ಚೆನ್ನಾಗಿ ಕತ್ತರಿಸಿದ್ದಾರೆ, ಎಲ್ಲೂ ಒಂದು ಸುಕ್ಕಿಲ್ಲ ಅಂದುಕೊಂಡೆ. ಅಷ್ಟೇ. ನನ್ನ ಮನಸ್ಸು ಹೋಯಿತು. ನೇರಳೆ ಅಂಗಿ ತೊಟ್ಟು, ಬದನೆಕಾಯಿ ಬೆಂಚಿನ ಮೇಲೆ ಕೂತು, ಮೂರು ವರ್ಷ ಕದ್ದು ಮಿಡತೆ ನೋಡಿದ್ದೇನೆ. ನಾನೊಬ್ಬ ಜಾರಿದರೇನು, ಮೇಷ್ಟ್ರಿದ್ದಾರೆ, ಹಾಲಮ್ಮ ಇದ್ದಾಳೆ, ಕಾರು ಉಳಿಯುತ್ತದೆ ಎಂಬ ಧೈರ್ಯ. ಈಗ ಅವರಲ್ಲಿ ಯಾರೋ ಒಬ್ಬರು ಕೈಕೊಟ್ಟಿದ್ದಾರೆ ಎಂದು ನನಗೆ ಎಲ್ಲಿಲ್ಲದ ಸಿಟ್ಟು ಬಂತು. ತಪ್ಪು ಮಾಡಿದವನಿಗೆ ಬರುವ ಸಿಟ್ಟು ದೊಡ್ಡದು.

ಸಂಘದ ತುರ್ತು ಸಭೆ ಕರೆದೆ. “ನಮ್ಮಲ್ಲಿ ಒಬ್ಬರು ದ್ರೋಹಿಗಳಿದ್ದಾರೆ” ಎಂದು ಮೇಜು ಗುದ್ದಿ ಹೇಳಿದೆ. “ಒಂದು ವಾರ ಹಾಲಮ್ಮ ಒಬ್ಬಳೇ ಗ್ಯಾಲರೀಲಿ ಇರಲಿ, ಮುಂದಿನ ವಾರ ಮೇಷ್ಟ್ರು ಒಬ್ಬರೇ ಇರಲಿ. ಕಾರು ಯಾರ ವಾರ ಸೊರಗುತ್ತೋ ಅವರೇ ಕಳ್ಳರು.”

“ನಿಂದು ಯಾವ ವಾರ?” ಎಂದಳು ಹಾಲಮ್ಮ.

“ನಾನು ಕಾರ್ಯದರ್ಶಿ. ಅಳೆಯೋದು ನಾನು” ಅಂದೆ.

ಹಾಲಮ್ಮ ಇದ್ದ ಭಾನುವಾರ ನಾನು ಮತ್ತು ಮೇಷ್ಟ್ರು ಗೇಟಿನ ಹೊರಗೆ ಹುಣಸೆಮರದ ಕೆಳಗೆ ಕೂತು ಶಬ್ದ ಕೇಳಿಸಿಕೊಂಡೆವು. ಸೋಮವಾರ ಕಾರಿನ ಮೂಗು ಮೊದಲಿನಂತೆ ತುಂಬಿಕೊಂಡಿತ್ತು. ಮುಂದಿನ ಭಾನುವಾರ ಮೇಷ್ಟ್ರ ಸರದಿ. ಸೋಮವಾರ ಸೀಟೂ ಪೂರ್ತಿ ಅಗಲವಾಗಿ, ಬದನೆಕಾಯಿ ಮದುವೆಗೆ ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುತ್ತಿತ್ತು. ಇಬ್ಬರೂ ಪಾಸು. ಉಳಿದವನು ನಾನೊಬ್ಬನೇ. ಅವರಿಬ್ಬರೂ ನನ್ನನ್ನೇ ನೋಡಿದರು. ನಾನೇ ಬರೆದ ನಿಯಮಾವಳಿಯ ಏಳನೇ ಕಲಮಿನ ಪ್ರಕಾರ, ನನ್ನದೇ ಕೈಬರಹದಲ್ಲಿ, ನನ್ನನ್ನು ಸಂಘದಿಂದ ಉಚ್ಚಾಟಿಸುವ ನಿರ್ಣಯ ಬರೆದು ಸಹಿ ಹಾಕಿದೆ. ಮೇಷ್ಟ್ರು ಒಂದು ಕಾಗುಣಿತದ ತಪ್ಪು ತಿದ್ದಿಕೊಟ್ಟರು.

ಮರುದಿನ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಾ ಮುಖ ಊದಿಸಿಕೊಂಡು ಕೂತಿದ್ದೆ. ಹಾಲಮ್ಮ ಮಂಡಕ್ಕಿ ಪೊಟ್ಟಣ ಹಿಡಿದು ಬಂದಳು, ಹಿಂದೆಯೇ ಮೇಷ್ಟ್ರು.

“ಮುರಿಗಣ್ಣ, ನನ್ನ ಹೊಟ್ಟೇಲಿ ಇಟ್ಕಳಕ್ಕಾಗಲ್ಲಪ್ಪ” ಎಂದಳು ಹಾಲಮ್ಮ. “ನಾನು ಕಾರು ನೋಡಿ ಐದು ವರ್ಷ ಆತು. ಟ್ರ್ಯಾಕಿಗೆ ಬೆನ್ನು ಹಾಕ್ಕಂಡು ಮೆಣಸಿನಕಾಯಿ ಕರೀತಿರ್ತೀನಿ. ಆ ಭಾನುವಾರನೂ ನೋಡಲಿಲ್ಲ. ಬೆಂಚಿನ ಮ್ಯಾಲೆ ಕುಂತ್ರೆ ಯಾಪಾರ ಯಾರು ಮಾಡ್ತಾರೆ?”

ಮೇಷ್ಟ್ರು ಒಂದು ಡ್ರಾಯಿಂಗ್ ಪುಸ್ತಕ ಮುಂದಿಟ್ಟರು. ಹಾಳೆಯಿಂದ ಹಾಳೆಗೆ ಮಿಡತೆ ಕಾರುಗಳು, ಎಡದಿಂದ, ಬಲದಿಂದ, ಮೇಲಿಂದ. “ಗೆರೆ ಬಹಳ ಚೆನ್ನಾಗಿದೆ ಮುರಿಗೆಪ್ಪ, ಏನು ಮಾಡಲಿ?” ಎಂದರು. ಅವರ ಕಣ್ಣಲ್ಲಿ ನೀರಿತ್ತು. ಒಂದು ಹಾಳೆಯಲ್ಲಂತೂ ನಾಲ್ಕನೇ ನಂಬರು ಕೋಡಿಯ ತಿರುವಿನಲ್ಲಿ ತಿರುಗುವುದನ್ನೇ ಬರೆದಿದ್ದರು. ನಾನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಆ ಹಾಳೆ ನೋಡಿದೆ.

ಅಂದರೆ ಮೂವರೂ ಖಾಲಿ. ಹಾಗಾದರೆ ಇಷ್ಟು ವರ್ಷ ಬದನೆಕಾಯಿಯನ್ನು ಹಿಡಿದು ನಿಲ್ಲಿಸಿದ್ದು ಯಾರು? ಮೂವರೂ ಬೆಪ್ಪಾಗಿ ರಸ್ತೆ ನೋಡುತ್ತಾ ಮಂಡಕ್ಕಿ ತಿಂದೆವು. ಎದುರಿಗೆ ಜೆರಾಕ್ಸ್ ಅಂಗಡಿ. ಆಗ ನೆನಪಾಯಿತು: ಕಾರು ಸೊರಗಿದ ಆ ಎರಡು ವಾರ ಎದುರಿನ ಶಟರು ಎಳೆದಿತ್ತು. ಅಂಬುಜಾಕ್ಷಿ ಮಗಳ ಹೆರಿಗೆಗೆಂದು ಅವಳ ಊರಿಗೆ ಹೋಗಿದ್ದರು. ಎದುರು ಆ ಮುಖ ಕಾಣುವುದಿಲ್ಲವಲ್ಲ ಎಂದು ಖುಷಿಯಲ್ಲಿ ಆ ಎರಡು ವಾರ ನಾನು ಹಾಡಿಕೊಂಡು ಹೊಲಿದಿದ್ದೆ. ಆಕೆ ತಿರುಗಿ ಬಂದ ವಾರವೇ ಕಾರಿನ ಮೂಗು ತುಂಬಿತ್ತು.

“ಥೂ, ಸಾಧ್ಯವೇ ಇಲ್ಲ” ಎಂದರು ಮೇಷ್ಟ್ರು.

ನಾನು ಚಪ್ಪಲಿ ಮೆಟ್ಟಿ ರಸ್ತೆ ದಾಟಿದೆ. ಅಂಬುಜಾಕ್ಷಿ ಯಾರದೋ ಆಧಾರ್ ಕಾರ್ಡನ್ನು ಮಶೀನಿಗೆ ಇಡುತ್ತಿದ್ದರು. ವಿಷಯ ಹೇಳಿದೆ.

“ನಾನಾ? ಬದನೆಕಾಯಿನಾ?” ಎಂದು ಗದರಿದರು. ಮಶೀನಿನ ಮುಚ್ಚಳ ಧಡಕ್ಕನೆ ಹಾಕಿದರು. ಗಿರಾಕಿ ಹೋದ ಮೇಲೆ, ಬಾಗಿಲ ಕಡೆ ನೋಡಿ ದನಿ ಇಳಿಸಿದರು. “ಮಿಡತೆ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಅದು ನೋಡೋಕೆ ಎಲ್ಲಿ ಬಿಡುತ್ತೆ? ಕಣ್ಣು ಹೊರಳಿಸೋದ್ರೊಳಗೆ ಹೋಗಿರುತ್ತೆ. ನಿಮ್ಮ ಒಂಬತ್ತನೇ ನಂಬರು ನಿಧಾನಕ್ಕೆ ಬರುತ್ತೆ. ನೋಡಬಹುದು. ಎದ್ದು ಟೀ ತಗೊಂಡು ಬಂದು ಮತ್ತೆ ನೋಡಬಹುದು. ಇನ್ನೂ ಅಲ್ಲೇ ಇರುತ್ತೆ.”

“ಹಾಗಾದ್ರೆ ಮೈಕಿನಲ್ಲಿ ಅಷ್ಟು ಬೈತೀರಲ್ಲ ತಾಯಿ!”

“ಅಧ್ಯಕ್ಷೆ ಅಲ್ವೇನ್ರೀ ನಾನು? ಬೈಬೇಕು. ಬೈಯೋವಾಗ ಅದನ್ನೇ ನೋಡ್ತಿರಬಹುದು, ಯಾರಿಗೂ ಅನುಮಾನ ಬರಲ್ಲ.”

ನನಗೆ ನಗುವೋ ಅಳುವೋ ತಿಳಿಯಲಿಲ್ಲ. ಓಬಳೇಶಪ್ಪನ ಸಾವಿರದ ಮಾತು ಹೇಳಿ, ಇನ್ನು ಮೂರು ಭಾನುವಾರ ಎಲ್ಲಿಗೂ ಹೋಗಬೇಡಿ ಎಂದು ಕೈ ಮುಗಿದೆ. ಆಕೆಯ ಮುಖ ಬಾಡಿತು. ಆ ಶನಿವಾರವೇ ಮೊಮ್ಮಗನ ನಾಮಕರಣಕ್ಕೆ ಹೊರಟಿದ್ದರು, ಹೋದರೆ ಎರಡು ಭಾನುವಾರ ಬರುವ ಹಾಗಿರಲಿಲ್ಲ. “ಮಗಳು ಒಬ್ಬಳೇ ಇದ್ದಾಳೆ, ಬಾಣಂತಿ. ಕಾರು ನೋಡಬೇಕು ಬರಲ್ಲ ಅಂತ ಹೇಳೋಕಾಗುತ್ತಾ? ಸಾವಿರದ ಓಟಕ್ಕೆ ಬಂದೇ ಬರ್ತೀನಿ” ಎಂದರು. ಸಾವಿರದ ಓಟಕ್ಕೆ ಬಂದು ನೋಡಲು ಕಾರೇ ಇರಬೇಕಲ್ಲ.

ಮೊದಲ ಭಾನುವಾರ ನಾವು ಮೂವರೂ ಬೆಂಚಿನ ಮೇಲೆ ಒತ್ತಾಗಿ ಕೂತು, ಮಿಡತೆಗಳು ಬಂದಾಗ ಕಣ್ಣು ಮುಚ್ಚಿಕೊಂಡು, ಬದನೆಕಾಯಿ ಬಂದಾಗ ಬಿಟ್ಟುಕೊಂಡು, ಪ್ರೀತಿಸಲು ಪ್ರಯತ್ನಪಟ್ಟೆವು. ಹಾಲಮ್ಮ ಐದು ವರ್ಷದ ಮೇಲೆ ಮೊದಲ ಸಲ ಬಾಣಲೆ ಇಳಿಸಿ ಬಂದಿದ್ದಳು. “ಆಹಾ ಏನು ಮೂಗು, ಏನು ಮೂಗು” ಎಂದು ಮೇಷ್ಟ್ರು ಮಂತ್ರದಂತೆ ಹೇಳುತ್ತಿದ್ದರು. ಪ್ರಯತ್ನಪಟ್ಟು ಮೆಚ್ಚಿದ್ದಕ್ಕೆ ಕಾರು ಕ್ಯಾರೇ ಅನ್ನಲಿಲ್ಲ. ಸೋಮವಾರ ಸೀಟು ಒಮ್ಮೆಲೇ ನಾಲ್ಕು ಇಂಚು ಹೋಗಿತ್ತು.

ಎರಡನೇ ಭಾನುವಾರ, ಅಂದರೆ ಒಂಬೈನೂರ ತೊಂಬತ್ತೊಂಬತ್ತನೇ ಓಟದ ದಿನ, ಓಬಳೇಶಪ್ಪನಿಗೆ ಕಾರಿನೊಳಗೆ ಇಳಿಯಲಾಗಲಿಲ್ಲ. ಹಾಲಮ್ಮನ ಅಂಗಡಿಯಿಂದ ಒಂದು ಡಬ್ಬಿ ಎಣ್ಣೆ ತಂದು ಅವನ ಸೊಂಟಕ್ಕೂ ಸೀಟಿನ ಅಂಚಿಗೂ ಸುರಿದೆವು. ನಾಲ್ಕು ಜನ ಹೆಗಲು ಹಿಡಿದು ಒತ್ತಿದರು. ಗ್ಯಾಲರಿ ಮೊದಲು ಕೇಕೆ ಹಾಕಿ ನಕ್ಕಿತು. ಆಮೇಲೆ ನಗು ನಿಂತಿತು. ಅವನ ಮುಖ ಕೆಂಪಗೆ ಊದಿಕೊಂಡಿತ್ತು, ಆದರೂ ಎಲ್ಲರಿಗೂ ಕೈ ಬೀಸುತ್ತಿದ್ದ. ಮಿಡತೆ ಸಂಘದವರೂ ಎದ್ದು ನಿಂತು, “ಉಸಿರು ಬಿಡಿ ಓಬಳೇಶಣ್ಣ, ಈಗ ಬಿಡಿ” ಎಂದು ಕೂಗಿದರು. ಹೇಗೋ ಒಳಗೆ ಹೋದ. ಪ್ರತಿ ಸುತ್ತಿನಲ್ಲೂ ಜನ ಸೀಟಿನಿಂದ ಉಕ್ಕಿ ನಿಂತ ಅವನ ಸೊಂಟವನ್ನೇ ನೋಡಿದರು. ಯಾವ ಮಿಡತೆ ಗೆದ್ದಿತೆಂದು ಇವತ್ತಿಗೂ ಯಾರಿಗೂ ನೆನಪಿಲ್ಲ. ನನಗಂತೂ ಮೂಗು, ರೆಕ್ಕೆ, ಬಣ್ಣ ಒಂದೂ ಕಣ್ಣಿಗೆ ಬೀಳಲಿಲ್ಲ. ಅರ್ಧ ಮುದ್ದೆ ಬಿಡು ಅಂದಿದ್ದೆನಲ್ಲ ಪಾಪಿ ನಾನು! ನಲವತ್ತಾರು ಇಂಚು, ಮೇಲೆ ಅರ್ಧ ಇಂಚು ಸಡಿಲ ಇದ್ದರೆ ಈ ಮನುಷ್ಯ ಸುಖವಾಗಿ ಕೂರುತ್ತಿದ್ದ. ಇದೊಂದನ್ನೇ ಓಟ ಮುಗಿಯುವವರೆಗೂ ಅಂದುಕೊಳ್ಳುತ್ತಿದ್ದೆ.

ಓಟ ಮುಗಿದ ಮೇಲೆ ಅವನನ್ನು ಹೊರಗೆಳೆಯಲು ಆರು ಜನ ಬೇಕಾಯಿತು. “ಸಾಕು ಬಿಡು ಮುರಿಗಣ್ಣ, ಒಂದು ಕಮ್ಮಿ ಸಾವಿರ. ಯಾರು ಮಾಡ್ಯಾರೆ ಇಷ್ಟನ್ನ?” ಎಂದು ಅವನೇ ನನಗೆ ಸಮಾಧಾನ ಹೇಳಿದ. ನಾನು ತಿರುಗಿ ನಿಂತು ಅತ್ತೆ.

ಸೋಮವಾರ ಶೆಡ್ಡಿಗೆ ತಡವಾಗಿ ಹೋದೆ. ಬಾಗಿಲಲ್ಲಿ ಜನ ಬಾಯಿ ಬಿಟ್ಟುಕೊಂಡು ನಿಂತಿದ್ದರು. ಒಂಬತ್ತನೇ ನಂಬರು ಮಿಡತೆಯಾಗಿತ್ತು. ಚೂಪು ಮೂಗು, ಹಿಂದೆ ಮುಂದೆ ರೆಕ್ಕೆ, ಹಸಿರು ಬಣ್ಣ. ಆದರೆ ನಡುವೆ ಒಂದು ಹೊಟ್ಟೆ. ಕುಂಬಳಕಾಯಿ ನುಂಗಿದ ಮಿಡತೆ. ಅಷ್ಟು ವಿಕಾರವಾದ ಕಾರನ್ನು ನಮ್ಮೂರು ಐಸ್‌ಕ್ಯಾಂಡಿ ಕಾಲದಲ್ಲೂ ಕಂಡಿರಲಿಲ್ಲ. ಸೀಟಿನ ಸುತ್ತಳತೆಗೆ ಟೇಪು ಹಿಡಿದೆ. ನಲವತ್ತಾರೂವರೆ.

ಓಬಳೇಶಪ್ಪ ಒಳಗೆ ಇಳಿದು, ಅತ್ತಿತ್ತ ಮೈ ಹೊರಳಿಸಿ ನೋಡಿದ. ಎಲ್ಲೂ ಹಿಡಿಯಲಿಲ್ಲ. “ಯಾರಪ್ಪ ಹೊಲ್ದಿದ್ದು ಇದನ್ನ?” ಎಂದ. ಜನ ಘೊಳ್ಳೆಂದು ನಕ್ಕರು. ನಾನು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡೆ.

ಸಾವಿರದ ಓಟದಲ್ಲಿ ಅವನು ಕೊನೆಯವನಾಗಿಯೇ ಬಂದ. ಗೆದ್ದವನು ಕಪ್ಪು ಹಿಡಿದುಕೊಂಡು ಒಬ್ಬನೇ ನಿಂತಿದ್ದ, ಊರೆಲ್ಲ ಒಂಬತ್ತನೇ ನಂಬರಿನ ಹಿಂದೆ ಓಡಿತು. ಮೇಷ್ಟ್ರು ಗೋಡೆಯ ಮೇಲೆ ಓಬಳೇಶಪ್ಪನ ಹೆಸರನ್ನು ಬರೆದರು. ಹಾಲಮ್ಮ ಅವನಿಗೆ ಎರಡು ಮುದ್ದೆ ತಂದುಕೊಟ್ಟಳು. ಮುಂದಿನ ಭಾನುವಾರದಿಂದ ಮನೆಯಲ್ಲಿ ಆರಾಮಾಗಿ ಇರು ಅಂದದ್ದಕ್ಕೆ ಅವನು, “ಇಷ್ಟು ಚೆಂದ ಕುಂತಿರೋ ಸೀಟು ಬಿಟ್ಟು ಮನೇಲಿ ಮುರುಕು ಕುರ್ಚಿ ಮ್ಯಾಲೆ ಯಾಕೆ ಕುಂದರ್ಲಿ?” ಎಂದ. ಸಾವಿರದ ಓಟದ ಮರುದಿನ ಉಳಿದ ಎಂಟು ಕಾರಿಗೂ ಹೊಟ್ಟೆ ಬಂದಿತ್ತು. ಕಡ್ಡಿಯಂಥ ಡ್ರೈವರುಗಳು ಅದರೊಳಗೆ ಲೊಡಲೊಡ ಅಲ್ಲಾಡಿ, ಸೊಂಟಕ್ಕೆ ಕಟ್ಟಿಕೊಳ್ಳಲು ಹತ್ತಿಯ ದಿಂಬು ಹೊಲಿದುಕೊಡಿ ಎಂದು ನನ್ನ ಅಂಗಡಿಯಲ್ಲಿ ಸಾಲು ನಿಂತರು.

ಎಲ್ಲರಿಗೂ ಸಂತೋಷ, ಒಬ್ಬರನ್ನು ಬಿಟ್ಟು. ಅಂಬುಜಾಕ್ಷಿ ಮಾತಿನಂತೆ ಸಾವಿರದ ಓಟಕ್ಕೆ ಬಸ್ಸಿಳಿದು ನೇರ ಗ್ಯಾಲರಿಗೆ ಬಂದಿದ್ದರು. ಕಾರು ನೋಡಿ ಮೈಕು ಕೆಳಗಿಟ್ಟರು, ಅವತ್ತು ಒಂದು ಬೈಗುಳವೂ ಬರಲಿಲ್ಲ. ಮಿಡತೆ ಸಂಘದವರು ಅದನ್ನು ಮರ್ಯಾದೆ ಅಂದುಕೊಂಡರು. ನಾವು ಮೂವರು ಮಾತ್ರ ಆಕೆಯ ಮುಖ ನೋಡಲಾರದೆ ತಲೆ ತಗ್ಗಿಸಿದೆವು.

ಬುಧವಾರ ಮಧ್ಯಾಹ್ನ ಆಕೆ ರಸ್ತೆ ದಾಟಿ ಬಂದು, ಹನ್ನೆರಡು ವರ್ಷದಲ್ಲಿ ಮೊದಲ ಸಲ ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ರವಿಕೆ ಬಟ್ಟೆ ಕೈಯಲ್ಲಿತ್ತು, ಆದರೆ ಕೊಡಲಿಲ್ಲ.

“ನಿಮ್ಮ ಅಳತೆ ಪುಸ್ತಕ ಇದೆಯಂತಲ್ಲ” ಎಂದರು. “ಬದನೆಕಾಯಿದು.”

ಕೊಟ್ಟೆ. ಎದೆಗೆ ಅವಚಿಕೊಂಡು ರಸ್ತೆ ದಾಟಿ ಹೋದರು. ಎದುರಿನ ಮಶೀನಿನ ಬೆಳಕು ಹಾಳೆಗೊಂದರಂತೆ ಹೋಗಿ ಬಂದು ಹೋಗಿ ಬಂದು ಸಂಜೆಯವರೆಗೂ ಮಿಣುಕಿತು. ಅಷ್ಟು ವರ್ಷದ ಸೋಮವಾರಗಳು, ಕಡಿಮೆಯೇ? ಪುಸ್ತಕ ತಿರುಗಿ ಕೊಡುವಾಗ ರವಿಕೆ ಬಟ್ಟೆಯನ್ನೂ ಮೇಜಿನ ಮೇಲಿಟ್ಟರು. “ಅಳತೆ ಸರಿಯಾಗಿ ತಗೊಳ್ಳಿ, ಬಿಗಿ ಮಾಡಬೇಡಿ” ಎಂದು ಗದರಿಯೇ ಹೋದರು.

ಆ ಭಾನುವಾರ ಆಕೆ ಹಸಿರು ಸೀರೆಯಲ್ಲೇ ಬಂದರು, ಮಿಡತೆ ಸಂಘದ ಕುರ್ಚಿಯಲ್ಲೇ ಕೂತರು. ಮಡಿಲಲ್ಲಿ ಜೆರಾಕ್ಸ್ ಹಾಳೆಗಳ ಕಟ್ಟು. ಒಂಬತ್ತನೇ ನಂಬರು ನಿಧಾನವಾಗಿ ಎದುರಿಗೆ ಬಂದಾಗಲೆಲ್ಲ ಒಮ್ಮೆ ಹಾಳೆ ನೋಡುತ್ತಿದ್ದರು, ಒಮ್ಮೆ ಅದರ ಚೂಪು ಮೂಗು ನೋಡುತ್ತಿದ್ದರು. ಆಮೇಲೆ ಮೈಕು ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡು, ಹೊಟ್ಟೆ ಬಂದ ಕಾರಿಗೆ ಬಾಯಿಗೆ ಬಂದ ಹಾಗೆ ಬೈಯಲು ಶುರುಮಾಡಿದರು. ಕಣ್ಣು ಮಾತ್ರ ಅದರ ಮೇಲಿಂದ ಕದಲಲಿಲ್ಲ.

ಸೋಮವಾರ ಎಲ್ಲರಿಗಿಂತ ಮುಂಚೆ ಶೆಡ್ಡಿಗೆ ಹೋಗಿ ಟೇಪು ಹಿಡಿದೆ. ಒಂಬತ್ತನೇ ನಂಬರಿನ ಮೂಗು ಅರ್ಧ ಇಂಚು ದಪ್ಪಗಾಗಿತ್ತು.